ಗಂಭೀರ ರೋಗಿಯನ್ನು ಮನೆಯಲ್ಲೇ ನೋಡಿಕೊಳ್ಳುವುದು: ಮಲೆನಾಡಿನ ಮನೆಗಳಿಗೆ ಒಂದು ಕೈಪಿಡಿ

"ಇನ್ನು ಮನೆಗೆ ಕರೆದುಕೊಂಡು ಹೋಗಿ" ಎಂದು ಆಸ್ಪತ್ರೆಯವರು ಹೇಳಿದ ದಿನ ಬಿಲ್ಲು ಕಟ್ಟುವುದು, ಗಾಡಿ ಹುಡುಕುವುದು, ಊರಿಗೆ ಫೋನು ಮಾಡುವುದು ಇಷ್ಟರಲ್ಲೇ ಕಳೆದುಹೋಗುತ್ತದೆ. ಕೇಳಬೇಕಾಗಿದ್ದ ಪ್ರಶ್ನೆಗಳು ನೆನಪಾಗುವುದು ಮನೆ ಮುಟ್ಟಿದ ಮೇಲೆ, ರಾತ್ರಿ ಎರಡು ಗಂಟೆಗೆ ನೋವು ಎದ್ದಾಗ. ಹೊಸನಗರ, ತೀರ್ಥಹಳ್ಳಿ ಕಡೆಯ ಒಂಟಿಮನೆಗಳಲ್ಲಿ ಆ ಹೊತ್ತಿಗೆ ಮಳೆ ಹೊಯ್ಯುತ್ತಿರುತ್ತದೆ, ಕರೆಂಟ್ ಇರುವುದಿಲ್ಲ, ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು. ಹಾಗಾಗಿ ನಮ್ಮ ಕಡೆ ಪ್ಯಾಲಿಯೇಟಿವ್ ಆರೈಕೆ (ವಾಸಿಯಾಗದ ಕಾಯಿಲೆಯಲ್ಲಿ ನೋವು, ಸಂಕಟ ಇಳಿಸುವ ಆರೈಕೆ) ಎಂದರೆ ಅರ್ಧ ಕೆಲಸ ಮುಂಚಿನ ತಯಾರಿ. ರಾತ್ರಿ ಎರಡಕ್ಕೆ ಬೇಕಾಗುವ ಮಾತ್ರೆ ಸಂಜೆಯೇ ಮನೆಯಲ್ಲಿರಬೇಕು, ಅದನ್ನು ಎಷ್ಟು ಕೊಡಬೇಕೆಂಬುದು ಕಾಗದದ ಮೇಲಿರಬೇಕು.

ಇಲ್ಲಿ ಬರೆದಿರುವ ಔಷಧಿಯ ಪ್ರಮಾಣಗಳು ನಿಮ್ಮ ವೈದ್ಯರ ಚೀಟಿಯನ್ನು ಅರ್ಥ ಮಾಡಿಕೊಳ್ಳುವುದಕ್ಕೆ. ಶುರು ಮಾಡುವುದು, ಏರಿಸುವುದು, ಇಳಿಸುವುದು ಅವರ ಕೆಲಸ.

ಆಸ್ಪತ್ರೆ ಬಿಡುವ ಮುಂಚೆ

ನಾಲ್ಕು ವಿಷಯ ಬರೆಸಿಕೊಳ್ಳದೆ ಹೊರಡಬೇಡಿ. ಕಾಯಿಲೆಯ ಹೆಸರು ಮತ್ತು ಅದು ಯಾವ ಹಂತದಲ್ಲಿದೆ ಎಂಬುದು. ನೋವು ಹೆಚ್ಚಾದರೆ ಯಾವ ಮಾತ್ರೆ, ಎಷ್ಟು, ಎಷ್ಟು ಹೊತ್ತಿಗೊಮ್ಮೆ ಎಂಬುದು. ವಾಂತಿ, ಉಬ್ಬಸ, ರಕ್ತಸ್ರಾವ, ಗಲಿಬಿಲಿ ಬಂದರೆ ಮೊದಲು ಏನು ಕೊಡಬೇಕು ಎಂಬುದು. ರಾತ್ರಿ ಫೋನ್ ಎತ್ತುವವರು ಯಾರು ಎಂಬುದು. ಊರಿನ ಡಾಕ್ಟರಿಗೂ 108ರ ಸಿಬ್ಬಂದಿಗೂ ತೋರಿಸಲು "ಇವರಿಗೆ ಪ್ಯಾಲಿಯೇಟಿವ್ ಆರೈಕೆ ನಡೆಯುತ್ತಿದೆ" ಎಂಬ ಒಂದು ಪುಟದ ಪತ್ರ ಕೇಳಿ ಪಡೆಯಿರಿ. ಇದಿಲ್ಲದೆ ಕೊನೆಗಾಲದಲ್ಲಿ ಗಾಬರಿಯಿಂದ ಗಾಡಿ ಹತ್ತಿಸಿದ ಎಷ್ಟೋ ಜನ ಐಸಿಯು ಬಾಗಿಲಲ್ಲಿ ಮನೆಯವರಿಂದ ದೂರವಾಗಿ ತೀರಿಕೊಳ್ಳುತ್ತಾರೆ.

ಶಿವಮೊಗ್ಗದಲ್ಲಿ ವಿಚಾರಿಸಬೇಕಾದ ಮೊದಲ ಜಾಗ ಮೆಗ್ಗಾನ್ ಬೋಧನಾ ಆಸ್ಪತ್ರೆ. ಅಲ್ಲಿ ಅಸಾಂಕ್ರಾಮಿಕ ರೋಗಗಳ ವಿಭಾಗವನ್ನೂ ಅರಿವಳಿಕೆ ವಿಭಾಗವನ್ನೂ ಕೇಳಿ. ಘಟ್ಟದ ಕೆಳಗೆ ಮಣಿಪಾಲದ ಕೆಎಂಸಿಯಲ್ಲಿ ಪ್ಯಾಲಿಯೇಟಿವ್ ಚಿಕಿತ್ಸೆಗೇ ಒಂದು ವಿಭಾಗವಿದೆ. ತೀರ್ಥಹಳ್ಳಿ ಕಡೆಯವರಿಗೆ ಅದು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗಿಂತ ಬಹಳ ಹತ್ತಿರ. ಆದರೆ ಜೋರು ಮಳೆಯಲ್ಲಿ ಆಗುಂಬೆ ಘಾಟಿಯನ್ನು ನಂಬಿಕೊಂಡು ಕೂರಬೇಡಿ, ಒಂದು ತಿಂಗಳ ಔಷಧಿಯನ್ನು ಮೇ ಕೊನೆಯೊಳಗೆ ತಂದಿಟ್ಟುಕೊಳ್ಳಿ. ಮುಂದಿನ ಸಲ ರೋಗಿಯನ್ನು ಕರೆತರದೆ ಮನೆಯವರೇ ಬಂದು ಔಷಧಿ ಒಯ್ಯಬಹುದೇ, ಅದಕ್ಕೆ ಯಾವ ಕಾಗದ ಬೇಕು ಎಂಬುದನ್ನೂ ಆಗಲೇ ಕೇಳಿಡಿ.

ನೋವು: ಗಡಿಯಾರ ನೋಡಿ ಕೊಡುವ ಔಷಧಿ

ನಮ್ಮ ಹಿರಿಯರನ್ನು ನೋವಿದೆಯೇ ಎಂದರೆ "ಎಂಥದೂ ಇಲ್ಲ ಬಿಡಿ" ಎಂಬ ಉತ್ತರವೇ ಬರುವುದು. ಒಂದರಿಂದ ಹತ್ತರೊಳಗೆ ಎಷ್ಟು ಎಂದು ಕೇಳಿದರೂ ಪ್ರಯೋಜನವಿಲ್ಲ. "ಮೊನ್ನೆಯ ನೋವು ಹದಿನಾರಾಣೆ ಎಂದಿಟ್ಟುಕೊಂಡರೆ ಇವತ್ತು ಎಷ್ಟಾಣೆ?" ಎಂದು ಕೇಳಿ ನೋಡಿ, "ಹನ್ನೆರಡಾಣೆ ಉಂಟು" ಎಂದು ಥಟ್ಟನೆ ಹೇಳುತ್ತಾರೆ. ಆ ಲೆಕ್ಕವನ್ನು ದಿನಕ್ಕೆರಡು ಬಾರಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮಾತಾಡಲಾಗದವರಲ್ಲಿ ಹುಬ್ಬುಗಂಟು, ಮಗ್ಗುಲು ಬದಲಿಸುವಾಗ ನರಳುವುದು, ಮುಷ್ಟಿ ಬಿಗಿಯುವುದು, ಮುಟ್ಟಲು ಬಿಡದಿರುವುದು ಇವೇ ಲಕ್ಷಣ.

ನೋವು ಎಷ್ಟು ಎಂಬುದರ ಜೊತೆಗೆ ಎಂಥದ್ದು ಎಂಬುದೂ ಬೇಕು. ಉರಿ, ಕರೆಂಟ್ ಹೊಡೆದಂತೆ, ಮೆಣಸಿನಪುಡಿ ಹಚ್ಚಿದಂತೆ, ಬಟ್ಟೆ ಸೋಕಿದರೂ ಆಗದು ಎನ್ನುವುದು ನರದ ನೋವು. ಅದು ಬರಿಯ ನೋವಿನ ಮಾತ್ರೆಗೆ ಪೂರ್ತಿ ಬಗ್ಗುವುದಿಲ್ಲ. ರಾತ್ರಿ ಅಮಿಟ್ರಿಪ್ಟಿಲಿನ್ 10 ಮಿ.ಗ್ರಾಂ., ಇಲ್ಲವೇ ಗಾಬಾಪೆಂಟಿನ್, ಪ್ರಿಗಾಬಾಲಿನ್ ಸೇರಿಸಬೇಕಾಗುತ್ತದೆ. ಅಲುಗಿದಾಗ ಮಾತ್ರ ಜೀವ ಹೋಗುವಂತಾದರೆ ಮೂಳೆಗೆ ಹರಡಿರಬಹುದು. ಅದಕ್ಕೆ ಒಂದೇ ಬಾರಿ ಕೊಡುವ 8 ಗ್ರೇ (ವಿಕಿರಣದ ಅಳತೆ) ರೇಡಿಯೇಷನ್ ಸಾಕಷ್ಟು ಜನರಿಗೆ ವಾರಗಟ್ಟಲೆ ಆರಾಮ ಕೊಡುತ್ತದೆ, "ಇನ್ನೇನು ರೇಡಿಯೇಷನ್" ಎಂದು ತಳ್ಳಿಹಾಕಬೇಡಿ. ಕ್ಯಾನ್ಸರ್ ರೋಗಿಗೆ ಹೊಸದಾಗಿ ಬೆನ್ನುನೋವು ಬಂದು, ಕಾಲು ಸೋತು, ಮೂತ್ರ ಕಟ್ಟಿತೆಂದರೆ ಬೆನ್ನುಹುರಿ ಒತ್ತಿದೆ ಎಂದೇ ತಿಳಿದು ಅದೇ ದಿನ ಆಸ್ಪತ್ರೆಗೆ ಹೋಗಿ. ನಾಳೆಗೆ ಬಿಟ್ಟರೆ ಹೋದ ಕಾಲು ವಾಪಸ್ಸು ಬರುವುದು ಕಷ್ಟ.

ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಹೇಳಿದ ಮೂರು ಮೆಟ್ಟಿಲಿನ ಕ್ರಮವೇ ಇಂದಿಗೂ ಹೆಚ್ಚಿನ ಚೀಟಿಗಳ ಹಿಂದಿರುವುದು. ಮೊದಲು ಪ್ಯಾರಸಿಟಮಾಲ್, ಆಮೇಲೆ ಟ್ರಮಡಾಲ್‌ನಂಥದ್ದು, ಅದಕ್ಕೂ ಜಗ್ಗದಿದ್ದರೆ ಮಾರ್ಫಿನ್. ಪ್ಯಾರಸಿಟಮಾಲ್ ವಿಚಾರದಲ್ಲಿ ಆಗುವ ಎಡವಟ್ಟು ಲೆಕ್ಕದ್ದು. 650ರ ಮಾತ್ರೆ ನಾಲ್ಕು ಹೊತ್ತು ಕೊಟ್ಟರೆ 2,600 ಮಿ.ಗ್ರಾಂ. ಆಯಿತು. ಟ್ರಮಡಾಲ್ ಜೊತೆ ಪ್ಯಾರಸಿಟಮಾಲ್ ಬೆರೆಸಿದ ಮಾತ್ರೆಯೂ ನಡೆಯುತ್ತಿದ್ದರೆ ಗೊತ್ತಿಲ್ಲದೆ ಎರಡು ಕಡೆಯಿಂದ ಹೋಗುತ್ತಿರುತ್ತದೆ. ಬಡಕಲಾದ ರೋಗಿಗೆ ದಿನಕ್ಕೆ 2ರಿಂದ 3 ಗ್ರಾಂ ಮೀರಬಾರದು, ಯಕೃತ್ತು ತಡೆಯುವುದಿಲ್ಲ. ನೋವು ಎಂದಾಗಲೆಲ್ಲ ಊರಿನಲ್ಲಿ ಹಾಕಿಸುವ ಡೈಕ್ಲೋಫೆನಾಕ್ ಇಂಜೆಕ್ಷನ್ ಮೂತ್ರಪಿಂಡಕ್ಕೂ ಹೊಟ್ಟೆಗೂ ಪೆಟ್ಟು ಕೊಡುತ್ತದೆ. ಊಟ ಕಡಿಮೆಯಾದವರಿಗೆ ಅದು ಇನ್ನೂ ಅಪಾಯ.

ಮಾರ್ಫಿನ್ ಎಂದರೆ ಮುಗಿಯಿತು ಎಂದೇ ಜನರ ಎಣಿಕೆ. ವೈದ್ಯರಲ್ಲೂ ಆ ಅಳುಕು ಪೂರ್ತಿ ಹೋಗಿಲ್ಲ. 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಅನೇಕ ಪರವಾನಗಿಗಳ ತಾಪತ್ರಯಕ್ಕೆ ಹೆದರಿ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗೆ ರಾಜ್ಯದ ಔಷಧ ನಿಯಂತ್ರಕರ ಒಂದೇ ಅನುಮತಿ ಸಾಕು. ಬೀದಿಯ ಮೆಡಿಕಲ್ ಶಾಪಿನಲ್ಲಿ ಅದು ಸಿಗುವುದಿಲ್ಲ, ಮಾನ್ಯತೆ ಇರುವ ಸಂಸ್ಥೆಯಲ್ಲೇ ಪಡೆಯಬೇಕು. ನೋವಿಗೆಂದು ಸರಿಯಾದ ಪ್ರಮಾಣದಲ್ಲಿ, ವೈದ್ಯರ ಕಣ್ಣಳತೆಯಲ್ಲಿ ಕೊಟ್ಟ ಮಾರ್ಫಿನ್ ಆಯುಷ್ಯ ಕಡಿಮೆ ಮಾಡುವುದಿಲ್ಲ. ಚಟವಾಗುವುದೂ ತೀರಾ ಅಪರೂಪ.

ಬೇಗ ಕರಗುವ ಮಾರ್ಫಿನ್ ಮಾತ್ರೆಯ ಕೆಲಸ ನಾಲ್ಕು ಗಂಟೆ, ಅಷ್ಟೇ. ಹಾಗಾಗಿ ವೇಳಾಪಟ್ಟಿ ಹೀಗಿರುತ್ತದೆ: ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ರಾತ್ರಿ 10ರದ್ದು ದುಪ್ಪಟ್ಟು. ಆಗ ನಡುರಾತ್ರಿ 2ಕ್ಕೆ ಯಾರೂ ಏಳಬೇಕಿಲ್ಲ. ಮೊದಲ ಬಾರಿಗೆ 5 ಮಿ.ಗ್ರಾಂ., ತೀರಾ ವಯಸ್ಸಾದವರಿಗೆ ಅಥವಾ ಮೂತ್ರಪಿಂಡ ಸೋತವರಿಗೆ 2.5 ಮಿ.ಗ್ರಾಂ.ನಿಂದ ಶುರು ಮಾಡುವುದು ರೂಢಿ. 5ರ ಲೆಕ್ಕದಲ್ಲಿ ದಿನಕ್ಕೆ 30 ಮಿ.ಗ್ರಾಂ. ಆಗುತ್ತದೆ. ನಡುವೆ ನೋವು ಉಕ್ಕಿದರೆ ಕೊಡುವ ಹೆಚ್ಚುವರಿ ಡೋಸು ದಿನದ ಮೊತ್ತದ ಆರನೇ ಒಂದು ಭಾಗ, ಅಂದರೆ ಇಲ್ಲಿ 5 ಮಿ.ಗ್ರಾಂ. ಹೆಚ್ಚುವರಿ ಕೊಟ್ಟ ಮಾತ್ರಕ್ಕೆ ಮುಂದಿನ ಹೊತ್ತಿನದ್ದನ್ನು ಬಿಡಬಾರದು. ದಿನಕ್ಕೆ ಮೂರು ಬಾರಿ ಹೆಚ್ಚುವರಿ ಬೇಕಾಗುತ್ತಿದ್ದರೆ ವೈದ್ಯರಿಗೆ ಫೋನ್ ಮಾಡಿ. ಅವರು ಆ 15ನ್ನೂ ಸೇರಿಸಿ 45 ಮಾಡಿ, ಆರು ಪಾಲು ಹಾಕಿ ಹೊತ್ತಿಗೆ 7.5 ಎಂದು ಹೊಸ ಲೆಕ್ಕ ಕೊಡಬಹುದು. ನಿಮ್ಮ ನೋಟ್‌ಬುಕ್ ಇಲ್ಲದೆ ಅವರಿಗೆ ಈ ಲೆಕ್ಕ ಆಗುವುದಿಲ್ಲ.

ನಾವು ಕಾಣುವ ತಪ್ಪುಗಳಲ್ಲಿ ದೊಡ್ಡದು "ಈಗ ನೋವಿಲ್ಲವಲ್ಲ" ಎಂದು ಮಧ್ಯಾಹ್ನದ ಮಾತ್ರೆ ಉಳಿಸುವುದು. ನೋವಿಲ್ಲದಿರುವುದೇ ಹತ್ತು ಗಂಟೆಯ ಮಾತ್ರೆಯಿಂದ. ಎರಡರದ್ದು ತಪ್ಪಿದರೆ ನಾಲ್ಕಕ್ಕೆ ನೋವು ಎದ್ದು ಕೂರುತ್ತದೆ, ಎದ್ದ ನೋವನ್ನು ಇಳಿಸಲು ಜಾಸ್ತಿ ಔಷಧಿ ಬೇಕು. ಮಾತ್ರೆ ನುಂಗಿ ಅರ್ಧ ಗಂಟೆಯೊಳಗೆ ವಾಂತಿಯಾಗಿ ಅದರಲ್ಲಿ ಮಾತ್ರೆ ಕಂಡರೆ ಮತ್ತೆ ಕೊಡಿ, ಕಾಣದಿದ್ದರೆ ಮುಂದಿನ ಹೊತ್ತಿಗೆ ಕಾಯಿರಿ. ಬೇಗ ಕರಗುವ ಮಾತ್ರೆಯನ್ನು ಪುಡಿ ಮಾಡಿ ನೀರಿನಲ್ಲಿ ಕೊಡಬಹುದು. ದಿನಕ್ಕೆರಡೇ ಬಾರಿ ಕೊಡುವ, ನಿಧಾನವಾಗಿ ಕರಗುವ, ಹೆಸರಿನ ಪಕ್ಕ ಎಸ್‌ಆರ್ ಎಂದಿರುವ ಮಾತ್ರೆಯನ್ನು ಮಾತ್ರ ಎಂದೂ ಪುಡಿ ಮಾಡಬೇಡಿ. ಹನ್ನೆರಡು ಗಂಟೆಯ ಔಷಧಿ ಒಮ್ಮೆಲೇ ರಕ್ತಕ್ಕೆ ಸೇರಿಬಿಡುತ್ತದೆ.

ಮೊದಲ ಎರಡು ಮೂರು ದಿನ ಮಂಪರು ಇರುತ್ತದೆ, ವಾರಗಟ್ಟಲೆ ನಿದ್ದೆಗೆಟ್ಟವರು ನಿದ್ದೆ ಮಾಡುತ್ತಾರೆ. ಗಾಬರಿ ಬೇಡ. ಅಲುಗಾಡಿಸಿದರೂ ಎಚ್ಚರಾಗದೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾಗಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗಿದ್ದರೆ ಮುಂದಿನ ಡೋಸು ನಿಲ್ಲಿಸಿ ತಕ್ಷಣ ವೈದ್ಯರಿಗೆ ಹೇಳಿ. ಮೂತ್ರ ಕಡಿಮೆಯಾಗಿ ಕೈಕಾಲು ಬೆಚ್ಚಿಬಿದ್ದಂತೆ ಸೆಳೆಯತೊಡಗಿದರೂ ಫೋನ್ ಮಾಡಬೇಕು, ಔಷಧಿ ಮೈಯಲ್ಲೇ ಉಳಿಯುತ್ತಿದೆ ಎಂಬುದಕ್ಕೆ ಅದು ಸೂಚನೆ.

ನುಂಗಲಾಗದವರಿಗೆ ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿ ಕೊಡುತ್ತಾರೆ. ಹತ್ತಲು 12ರಿಂದ 24 ಗಂಟೆ ಬೇಕು, ಕೆಲಸ 72 ಗಂಟೆ. ಆಷಾಢದ ಚಳಿಗೆ ಬಚ್ಚಲ ಒಲೆಯ ಮುಂದೆ ಕೂರಿಸುವುದು, ಬಿಸಿನೀರ ಚೀಲ ಇಡುವುದು ನಮ್ಮಲ್ಲಿ ಸಹಜ. ಪಟ್ಟಿಯ ಮೇಲೆ ಶಾಖ ಬಿದ್ದರೆ ಔಷಧಿ ಬೇಗ ಬೇಗ ಒಳಸೇರಿ ಉಸಿರು ಕುಗ್ಗೀತು. ಜೋರು ಜ್ವರ ಬಂದರೂ ಇದೇ ಅಪಾಯ.

ನಾಟಿ ಔಷಧಿಯ ಮಾತು ಮಲೆನಾಡಿನಲ್ಲಿ ಬಂದೇ ಬರುತ್ತದೆ. ಕೊಡಿಸುವುದು ಬಿಡುವುದು ನಿಮ್ಮ ತೀರ್ಮಾನ, ಅದಕ್ಕಾಗಿ ನೋವಿನ ಮಾತ್ರೆಯನ್ನು ಪಥ್ಯದ ಹೆಸರಿನಲ್ಲಿ ನಿಲ್ಲಿಸಬೇಡಿ. ಮಾರ್ಫಿನ್ ಒಮ್ಮೆಲೇ ನಿಂತರೆ ನೋವಿನ ಜೊತೆ ಬೆವರು, ಭೇದಿ, ಚಡಪಡಿಕೆಯೂ ಶುರುವಾಗುತ್ತದೆ.

ಮಲಬದ್ಧತೆ

ಮಾರ್ಫಿನ್ ಶುರುವಾದ ದಿನವೇ ಭೇದಿ ಮಾತ್ರೆಯೂ ಶುರುವಾಗಬೇಕು. ಬಿಸಾಕೋಡಿಲ್ 5 ಮಿ.ಗ್ರಾಂ.ನ ಎರಡು ಮಾತ್ರೆ ರಾತ್ರಿ, ಸಾಲದಿದ್ದರೆ ಲಿಕ್ವಿಡ್ ಪ್ಯಾರಫಿನ್ ಇರುವ ಸಿರಪ್ 15ರಿಂದ 30 ಮಿ.ಲೀ. ಇಸಬ್ಗೋಲ್ ಇವರಿಗೆ ಬೇಡ. ನೀರು ಕಡಿಮೆ ಕುಡಿಯುವವರ ಕರುಳಿನಲ್ಲಿ ಅದೇ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಮೂರು ದಿನ ಆಗದಿದ್ದರೆ ಗುದದ್ವಾರಕ್ಕೆ ಇಡುವ ಮಾತ್ರೆ ಅಥವಾ ಎನಿಮಾ ಬೇಕು. ವಾರದಿಂದ ಹೊರಗೆ ಹೋಗದವರಿಗೆ ಇದ್ದಕ್ಕಿದ್ದಂತೆ ನೀರುನೀರಾಗಿ ಸೋರತೊಡಗಿದರೆ ಭೇದಿ ನಿಲ್ಲಿಸುವ ಮಾತ್ರೆ ಕೊಡಬೇಡಿ. ಗಟ್ಟಿಯಾಗಿ ನಿಂತ ಮಲದ ಪಕ್ಕದಿಂದ ತೆಳ್ಳಗಿನದು ಹಾದುಬರುತ್ತಿರುತ್ತದೆ, ನರ್ಸ್ ಗ್ಲೌಸ್ ಹಾಕಿ ಬೆರಳಿನಲ್ಲಿ ಪರೀಕ್ಷಿಸಿದರೆ ತಿಳಿಯುತ್ತದೆ. ಹೊಟ್ಟೆ ಉಬ್ಬಿ, ಗಾಳಿಯೂ ಹೋಗದೆ, ಹಿಂಡುವ ನೋವಿನ ಜೊತೆ ವಾಂತಿ ಇದ್ದರೆ ಅದು ಕರುಳು ಕಟ್ಟಿದ ಲಕ್ಷಣ. ಆಗ ಬಿಸಾಕೋಡಿಲ್ ನಿಲ್ಲಿಸಿ ವೈದ್ಯರನ್ನು ಕೇಳಿ.

ಬಾಯಿ ಮತ್ತು ಮೂಗಿನ ನಳಿಕೆ

ಕವಳದ ಊರು ನಮ್ಮದು. ಹೊಗೆಸೊಪ್ಪು ಇಲ್ಲದ ಎಲೆ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿ ಇಪ್ಪತ್ತು ವರ್ಷ ದಾಟಿತು. ಅಡಿಕೆಯಿಂದ ಕೆನ್ನೆ ಬಿಗಿದು ಬಾಯಿ ಎರಡು ಬೆರಳಷ್ಟೂ ತೆರೆಯದವರಿಗೆ ದೊಡ್ಡ ಬ್ರಷ್ ಒಳಗೇ ಹೋಗದು. ಮಕ್ಕಳ ಮೆತ್ತನೆ ಬ್ರಷ್, ಅದೂ ಆಗದಿದ್ದರೆ ಕಡ್ಡಿಗೆ ಸುತ್ತಿದ ಗಾಜ್ ಬಟ್ಟೆ ಬಳಸಿ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ, ಎಚ್ಚರವಿರುವಾಗ ಎರಡು ಮೂರು ಗಂಟೆಗೊಮ್ಮೆ ಮುಕ್ಕಳಿಸಲು ಕೊಡಿ. ಪ್ರತಿದಿನ ಹೊಸದಾಗಿ ಮಾಡಿ. ಒಳಗೆ ಮೊಸರು ಮೆತ್ತಿದಂತೆ ಬಿಳಿ ಕಂಡರೆ ಶಿಲೀಂಧ್ರದ ಸೋಂಕು, ಕ್ಲೋಟ್ರಿಮಜೋಲ್ ದ್ರಾವಣ ದಿನಕ್ಕೆ ನಾಲ್ಕು ಬಾರಿ ಹಚ್ಚಬೇಕಾಗುತ್ತದೆ. ಊಟ ಬೇಡ ಎನ್ನುವವರಲ್ಲಿ ಎಷ್ಟೋ ಮಂದಿಗೆ ಬೇಡವಾಗಿರುವುದು ಆ ಉರಿ.

ಮೂಗಿನ ನಳಿಕೆಯಲ್ಲಿ ಊಟ ಕೊಡುವಾಗ ತಲೆಯ ಕಡೆ 45 ಡಿಗ್ರಿಯಷ್ಟು ಎತ್ತರವಿರಲಿ, ಆಮೇಲೂ ಮುಕ್ಕಾಲು ಗಂಟೆ ಮಲಗಿಸಬೇಡಿ. ನಳಿಕೆ ಮೂಗಿನ ಹತ್ತಿರ ಎಲ್ಲಿಗಿದೆ ಎಂದು ಪೆನ್ನಿನಲ್ಲಿ ಗುರುತು ಹಾಕಿಡಿ. ಗುರುತು ಹೊರಗೆ ಸರಿದಿದ್ದರೆ ಏನನ್ನೂ ಕೊಡಬೇಡಿ, ನೀವೇ ಒಳಗೆ ತಳ್ಳಲೂ ಬೇಡಿ. ಒಂದು ಸಲಕ್ಕೆ 200 ಮಿ.ಲೀ.ಯಷ್ಟು ತೆಳುವಾದ ರಾಗಿ ಅಂಬಲಿ, ಗಂಜಿತಿಳಿ, ಬೇಳೆಕಟ್ಟು, ಹಾಲು ಯಾವುದಾದರೂ ಸರಿ, ಬಟ್ಟೆಯಲ್ಲಿ ಶೋಧಿಸಿರಬೇಕು. ಸಿರಿಂಜಿನ ದಂಡ ತೆಗೆದು ಎತ್ತರ ಹಿಡಿದರೆ ತಾನಾಗಿ ಇಳಿಯುತ್ತದೆ, ಒತ್ತಬೇಡಿ. ಮೊದಲು 30, ಕೊನೆಗೆ 30 ಮಿ.ಲೀ. ನೀರು. ಮಾತ್ರೆಗಳನ್ನು ಒಂದೊಂದಾಗಿ ನುಣ್ಣಗೆ ಅರೆದು, ನಡುವೆ ನೀರು ಬಿಟ್ಟು ಕೊಡಿ. ಎಲ್ಲ ಸೇರಿಸಿ ಅರೆದ ದಿನವೇ ನಳಿಕೆ ಕಟ್ಟುವುದು. ಕೊಡುವಾಗ ಕೆಮ್ಮು ಬಂದರೆ ತಕ್ಷಣ ನಿಲ್ಲಿಸಿ.

ವಾಸನೆ ಬರುವ ಗಾಯ

ಕೆನ್ನೆ, ಕುತ್ತಿಗೆ, ಸ್ತನದ ಗೆಡ್ಡೆ ಒಡೆದು ಹುಣ್ಣಾದಾಗ ನೋವಿಗಿಂತ ವಾಸನೆಯೇ ರೋಗಿಯನ್ನು ಕುಗ್ಗಿಸುತ್ತದೆ. ಮೊಮ್ಮಕ್ಕಳು ಹತ್ತಿರ ಬರುವುದಿಲ್ಲ, ತಾನೇ ಹಿಂದಿನ ಕೋಣೆಗೆ ಹೋಗಿ ಮಲಗುತ್ತಾರೆ. ಇದನ್ನು ವಾರ ಹತ್ತು ದಿನದಲ್ಲಿ ಬಹುಪಾಲು ಹತೋಟಿಗೆ ತರಬಹುದು, ಖರ್ಚೂ ಕಡಿಮೆ.

ಡ್ರೆಸ್ಸಿಂಗ್‌ಗೆ ಅರ್ಧ ಗಂಟೆ ಮುಂಚೆ ನೋವಿನ ಮಾತ್ರೆ ಕೊಡಿ. ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ಹತ್ತು ನಿಮಿಷ ಕುದಿಸಿ, ಮುಚ್ಚಿ ಉಗುರುಬೆಚ್ಚಗಾಗಲು ಬಿಡಿ. ಕೈತೊಳೆದು ಗ್ಲೌಸ್ ಹಾಕಿಕೊಳ್ಳಿ. ಹಳೆಯ ಬಟ್ಟೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಉಪ್ಪುನೀರಿನಲ್ಲಿ ನೆನೆಸಿ ಐದು ನಿಮಿಷ ಕಾದರೆ ತಾನೇ ಬಿಡುತ್ತದೆ. ಎಳೆದರೆ ರಕ್ತ ಬರುವುದು ಖಂಡಿತ. 20 ಮಿ.ಲೀ. ಸಿರಿಂಜಿನಿಂದ ನೀರು ಹಾಯಿಸಿ ತೊಳೆಯಿರಿ, ಉಜ್ಜಬೇಡಿ. ಡೆಟ್ಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ಅರಿಶಿನ ಇವು ಯಾವುವೂ ಬೇಡ. ಮೆಟ್ರೋನಿಡಜೋಲ್ 400 ಮಿ.ಗ್ರಾಂ. ಮಾತ್ರೆಯನ್ನು ಎರಡು ಚಮಚಗಳ ನಡುವೆ ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಿ ಗಾಯದ ಮೇಲೆ ತೆಳುವಾಗಿ ಉದುರಿಸಿ. ವಾಸನೆಗೆ ಕಾರಣ ಆಮ್ಲಜನಕವಿಲ್ಲದೆ ಬೆಳೆಯುವ ಬ್ಯಾಕ್ಟೀರಿಯಾ, ಈ ಪುಡಿ ಅದನ್ನೇ ಕೊಲ್ಲುತ್ತದೆ. ಅದರ ಮೇಲೆ ವ್ಯಾಸಲಿನ್ ಸವರಿದ ಗಾಜ್, ಮೇಲೆ ದಪ್ಪ ಹತ್ತಿಬಟ್ಟೆಯ ಪದರ. ಸೋರುವುದು ಜಾಸ್ತಿ ಇದ್ದರೆ ಸ್ಯಾನಿಟರಿ ಪ್ಯಾಡ್‌ನಷ್ಟು ಹೀರುವ ಅಗ್ಗದ ವಸ್ತು ಇನ್ನೊಂದಿಲ್ಲ. ಮಂಚದ ಕೆಳಗೆ ಅಗಲ ತಟ್ಟೆಯಲ್ಲಿ ಇದ್ದಿಲು ಅಥವಾ ಕಾಫಿಪುಡಿ ಇಡಿ. ಊದುಬತ್ತಿ ಹಚ್ಚಿದರೆ ಎರಡು ವಾಸನೆ ಬೆರೆತು ಇನ್ನಷ್ಟು ಓಕರಿಕೆ ಬರುತ್ತದೆ.

ಹಲಸು, ಮಾವಿನ ಕಾಲಕ್ಕೆ ಶುರುವಾಗುವ ನೊಣ ಮಳೆಗಾಲವಿಡೀ ಇರುತ್ತದೆ. ಹಗಲೂ ಸೊಳ್ಳೆಪರದೆ ಕಟ್ಟಿ, ಗಾಯ ಒಂದು ಕ್ಷಣವೂ ತೆರೆದಿರಬಾರದು. ಒಳಗೆ ಏನೋ ಹರಿದಾಡಿದಂತಾಗುತ್ತದೆ ಎಂದು ರೋಗಿ ಹೇಳಿದರೆ, ನೋವು ಏಕಾಏಕಿ ಹೆಚ್ಚಿದರೆ ಹುಳ ಬಿದ್ದಿರಬಹುದು. ಗಾಜ್ ತುಂಡನ್ನು ಟರ್ಪೆಂಟೈನ್‌ನಲ್ಲಿ ಅದ್ದಿ ಹಿಂಡಿ ಗಾಯದ ಬಾಯಿಯ ಬಳಿ ಹತ್ತು ಹದಿನೈದು ನಿಮಿಷ ಇಟ್ಟರೆ ಹುಳಗಳು ಉಸಿರಿಗಾಗಿ ಮೇಲೆ ಬರುತ್ತವೆ, ಆಗ ಚಿಮುಟದಿಂದ ತೆಗೆದು ಉಪ್ಪುನೀರಿನಲ್ಲಿ ತೊಳೆಯುವುದು. ಒಂದೇ ದಿನದಲ್ಲಿ ಎಲ್ಲ ಬರುವುದಿಲ್ಲ, ಎರಡು ಮೂರು ದಿನ ಮಾಡಬೇಕು. ಮೊದಲ ಸಲ ನರ್ಸ್ ಇರಲಿ. ಟರ್ಪೆಂಟೈನ್ ಸುರಿಯಬಾರದು, ಬಾಯಿಯೊಳಗಿನ ಅಥವಾ ಕಣ್ಣಿನ ಹತ್ತಿರದ ಗಾಯಕ್ಕೆ ಮನೆಯಲ್ಲಿ ಮುಟ್ಟಿಸಲೇಬಾರದು. ಹುಳ ಬಿದ್ದದ್ದು ಯಾರ ಪಾಪದ ಫಲವೂ ಅಲ್ಲ, ನೊಣ ಮೊಟ್ಟೆಯಿಟ್ಟದ್ದರ ಫಲ. ರೋಗಿಗೆ ಕೇಳಿಸುವಂತೆ ಇದನ್ನೊಮ್ಮೆ ಹೇಳಿ.

ರಕ್ತ ಜಿನುಗಿದರೆ ಟ್ರಾನೆಕ್ಸಾಮಿಕ್ ಆಸಿಡ್ 500 ಮಿ.ಗ್ರಾಂ. ಮಾತ್ರೆಯನ್ನು ಉಪ್ಪುನೀರಿನಲ್ಲಿ ಕದಡಿ ಗಾಜ್‌ಗೆ ಹೀರಿಸಿ ಹತ್ತು ನಿಮಿಷ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ಕುತ್ತಿಗೆಯ ಗಾಯವಿರುವವರ ಮನೆಯಲ್ಲಿ ಕಡುಗೆಂಪು ಅಥವಾ ಕಪ್ಪು ಟವೆಲ್ ಒಂದೆರಡು ಕೈಗೆಟಕುವಂತಿರಲಿ. ಜೋರಾಗಿ ಹರಿದಾಗ ಬಿಳಿ ಬಟ್ಟೆಯ ಮೇಲಿನ ರಕ್ತ ನೋಡಿ ರೋಗಿಯೂ ಮನೆಯವರೂ ಕಂಗೆಡುತ್ತಾರೆ. ಮಗ್ಗುಲಿಗೆ ಮಲಗಿಸಿ, ಒತ್ತಿ ಹಿಡಿದು, ಪಕ್ಕದಲ್ಲೇ ಕುಳಿತಿರಿ. ಅಂಥ ಹೊತ್ತಿಗೆ ಬೇಕಾಗುವ ನಿದ್ದೆಯ ಔಷಧಿಯ ಬಗ್ಗೆ ವೈದ್ಯರನ್ನು ಮೊದಲೇ ಕೇಳಿಟ್ಟಿರಬೇಕು.

ಉಬ್ಬಸ

ಮೊದಲು ಮಂಚದ ಜಾಗ ನೋಡಿ. ಅಡುಗೆಮನೆಯ ಹೊಗೆ ಬರುವ ಕಡೆ ಬೇಡ, ಕಿಟಕಿ ಪಕ್ಕಕ್ಕೆ ತನ್ನಿ. ಎದ್ದು ಕೂರಿಸಿ, ಮುಂದೆ ಒಂದು ಮೇಜಿಟ್ಟು ದಿಂಬಿನ ಮೇಲೆ ಎರಡೂ ಮೊಣಕೈ ಊರಿ ಬಾಗಲು ಹೇಳಿ. ಫ್ಯಾನಿನ ಗಾಳಿ ಮೂಗು, ಕೆನ್ನೆಗೆ ನೇರ ತಾಗಬೇಕು. ಅಲ್ಲಿನ ನರಕ್ಕೆ ತಂಪು ತಗುಲಿದರೆ ಏದುಸಿರಿನ ಸಂಕಟ ಇಳಿಯುತ್ತದೆ. ಕರೆಂಟ್ ಹೋದಾಗ ಅಡಿಕೆ ಹಾಳೆಯ ಬೀಸಣಿಗೆಯೂ ಇದೇ ಕೆಲಸ ಮಾಡುತ್ತದೆ. ಸುತ್ತ ಹತ್ತು ಜನ ನಿಂತು ನೋಡುವುದನ್ನು ತಪ್ಪಿಸಿ. ಮಾರ್ಫಿನ್ 2.5 ಮಿ.ಗ್ರಾಂ.ನಷ್ಟು ಕಡಿಮೆ ಪ್ರಮಾಣದಲ್ಲಿ ಉಬ್ಬಸಕ್ಕೂ ಔಷಧಿಯೇ.

ರಕ್ತದ ಆಮ್ಲಜನಕ 90ಕ್ಕಿಂತ ಕೆಳಗಿಲ್ಲದವರಿಗೆ ಆಕ್ಸಿಜನ್‌ನಿಂದ ಫ್ಯಾನಿಗಿಂತ ಹೆಚ್ಚೇನೂ ಸಿಗುವುದಿಲ್ಲ. ಬೇಕೇ ಬೇಕಾದವರು ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರ) ತರುವ ಮುಂಚೆ ಲೆಕ್ಕ ಹಾಕಿ. ಐದು ಲೀಟರಿನ ಯಂತ್ರ ಸುಮಾರು 350 ವ್ಯಾಟ್ ಎಳೆಯುತ್ತದೆ, ಮನೆಯ ಒಂದು 150 ಎಎಚ್ ಬ್ಯಾಟರಿ ಎರಡು ಮೂರು ಗಂಟೆಗೆ ಕೈಚೆಲ್ಲುತ್ತದೆ. ಮರ ಬಿದ್ದು ಮೆಸ್ಕಾಂ ಲೈನು ದಿನವಿಡೀ ಹೋಗುವ ಊರಿನಲ್ಲಿ ಒಂದು ಸಿಲಿಂಡರ್ ಜೊತೆಗಿರಲೇಬೇಕು. ಆಕ್ಸಿಜನ್ ಹತ್ತಿರ ದೀಪ, ಊದುಬತ್ತಿ, ಬೀಡಿ ಯಾವುದೂ ಬೇಡ.

ಹಾಸಿಗೆ ಹುಣ್ಣು, ಒಣಗದ ಬಟ್ಟೆ

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ನೋಡಬೇಕಾದ ಜಾಗಗಳು: ಬಾಲಮೂಳೆ, ಸೊಂಟದ ಪಕ್ಕ, ಹಿಮ್ಮಡಿ, ಕಾಲ್ಗಂಟು, ಹೆಗಲಮೂಳೆ, ಕಿವಿ. ಕೆಂಪಾದ ಕಡೆ ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾಗದೆ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ, ಅಲ್ಲಿ ಭಾರ ಬೀಳಕೂಡದು, ಎಣ್ಣೆ ಹಚ್ಚಿ ತಿಕ್ಕಲೂ ಕೂಡದು. ಕಪ್ಪು ಮೈಬಣ್ಣದವರಲ್ಲಿ ಬಣ್ಣಕ್ಕಿಂತ ಬಿಸಿ ಮತ್ತು ಗಟ್ಟಿತನ ಮುಟ್ಟಿ ನೋಡಿ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿರುವಂತೆ ಮಾಡಿ. ನಡುವೆ ತೂತಿರುವ ರಿಂಗ್ ದಿಂಬು ಸುತ್ತಲಿನ ರಕ್ತಸಂಚಾರ ಕೆಡಿಸುತ್ತದೆ, ಬೇಡ.

ಏರ್‌ಬೆಡ್ ಮೇಲೆ ಒಂದೇ ಹತ್ತಿ ಚಾದರ ಸಾಕು. ಬೆಚ್ಚಗಿರಲೆಂದು ಕಂಬಳಿ ಮಡಚಿ ಹಾಸಿದರೆ ಅದರ ಉಪಯೋಗವೇ ಹೋಯಿತು, ಕಂಬಳಿ ಮೇಲೆ ಹೊದೆಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದೇ ಇಲ್ಲ. ಅರೆಒಣಗಿದ ಚಾದರ ಎರಡೇ ದಿನದಲ್ಲಿ ಚರ್ಮ ನೆನೆಸಿ ಸುಲಿಯುತ್ತದೆ. ಕನಿಷ್ಠ ಆರು ಜೊತೆ ಇಟ್ಟುಕೊಂಡು, ಬಚ್ಚಲ ಒಲೆಯ ಮೇಲಿನ ಗಳುವಿನಲ್ಲಿ ಒಣಗಿಸಿ ಇಸ್ತ್ರಿ ಹಾಕಿ ಹಾಸಿ. ಹೊಗೆ ವಾಸನೆ ಇದ್ದರೆ ಇರಲಿ.

ಕೊನೆಯ ದಿನಗಳು

ದಿನದ ಹೆಚ್ಚು ಹೊತ್ತು ನಿದ್ದೆ, ಗುಟುಕು ನೀರೂ ಬೇಡ, ಮೂತ್ರ ಕಡಿಮೆ, ಪಾದ ತಣ್ಣಗೆ, ಉಸಿರು ನಿಂತು ನಿಂತು ಬರುವುದು. ಈ ಹಂತದಲ್ಲಿ ಬಿಪಿ, ಕೊಲೆಸ್ಟರಾಲ್, ವಿಟಮಿನ್ ಮಾತ್ರೆಗಳನ್ನು ವೈದ್ಯರನ್ನು ಕೇಳಿ ಬಿಡಿ, ನೋವಿನದ್ದನ್ನು ಬಿಡಬೇಡಿ. ನುಂಗಲಾಗದಿದ್ದರೆ ಚರ್ಮದ ಕೆಳಗೆ ಸಣ್ಣ ಚಿಟ್ಟೆಸೂಜಿ ಇಟ್ಟು ಕೊಡುವ ವಿಧಾನವಿದೆ, ನರ್ಸ್ ಒಮ್ಮೆ ತೋರಿಸಿದರೆ ಮನೆಯವರೇ ಮಾಡಬಹುದು.

ನೋಡಲು ಬಂದ ನೆಂಟರೆಲ್ಲ ಗ್ಲೂಕೋಸ್ ಹಾಕಿಸಿ ಎನ್ನುತ್ತಾರೆ. ಅರ್ಧ ಲೀಟರಿನ ಒಂದು ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ, ಒಂದು ಬಾಳೆಹಣ್ಣಿನಷ್ಟು ಶಕ್ತಿ. ಸೋತ ಮೈಗೆ ಆ ನೀರು ಬಾವಾಗಿ, ಎದೆಯ ಕಫವಾಗಿ ತುಂಬುತ್ತದೆ. ಊಟ ಬಿಟ್ಟದ್ದರಿಂದ ಸಾಯುತ್ತಿದ್ದಾರೆ ಎಂದು ಮನೆಯವರು ಕೊರಗುತ್ತಾರೆ. ನಡೆಯುತ್ತಿರುವುದು ತಿರುಗುಮುರುಗು, ದೇಹ ನಿಲ್ಲುತ್ತಿರುವುದರಿಂದ ಹಸಿವು ನಿಂತಿದೆ. ಬಾಯಿಗೆ ತುಳಸಿ ನೀರು ಬಿಡುವುದಿದ್ದರೆ ಚಮಚದಲ್ಲಿ ಸುರಿಯಬೇಡಿ, ಶ್ವಾಸನಾಳಕ್ಕೆ ಹೋಗಿ ಕೆಮ್ಮಲೂ ಆಗದೆ ಒದ್ದಾಡುತ್ತಾರೆ. ಹತ್ತಿ ಅದ್ದಿ ತುಟಿಗೆ, ನಾಲಿಗೆಗೆ ಸವರಿ. ಶಾಸ್ತ್ರಕ್ಕೂ ಕುಂದಿಲ್ಲ.

ಗಂಟಲಿನ ಗೊರಗೊರ ಕೇಳುವವರಿಗೆ ಸಂಕಟ, ಅರಿವಿಲ್ಲದ ರೋಗಿಗೆ ಬಹುಶಃ ಅಲ್ಲ. ಮಗ್ಗುಲಿಗೆ ತಿರುಗಿಸಿ ತಲೆ ಸ್ವಲ್ಪ ಎತ್ತರಿಸಿ. ಹಯೋಸಿನ್ ಬ್ಯುಟೈಲ್‌ಬ್ರೋಮೈಡ್ ಅಥವಾ ಗ್ಲೈಕೋಪೈರೋಲೇಟ್ ಇಂಜೆಕ್ಷನ್ ಶಬ್ದ ಶುರುವಾದ ಕೂಡಲೇ ಕೊಟ್ಟರೆ ಉಪಯೋಗ, ಕಟ್ಟಿದ ಕಫವನ್ನು ಅದು ಕರಗಿಸದು. ರಾತ್ರಿ ಎದ್ದು ಕೂಗಾಡಿದರೆ, ಬಟ್ಟೆ ಕಿತ್ತರೆ ಗಾಳಿ ಸೋಕಿತು ಎನ್ನುವ ಮುಂಚೆ ಕಿಬ್ಬೊಟ್ಟೆ ಮುಟ್ಟಿ ನೋಡಿ, ಮೂತ್ರ ಕಟ್ಟಿರುವುದೇ ಬಹಳ ಸಲ ಕಾರಣ. ಮಲ, ನೋವು, ಜ್ವರ, ಹೊಸ ಮಾತ್ರೆ ಇವು ಉಳಿದವು. ತೀರಿಹೋದ ಅಮ್ಮ ಬಂದು ಕರೆಯುತ್ತಿದ್ದಾಳೆ ಎಂದರೆ ವಾದ ಬೇಡ, ಹೆದರಿಲ್ಲದಿದ್ದರೆ ಔಷಧಿಯೂ ಬೇಡ.

ಕಾಗದಪತ್ರ

ವೆಂಟಿಲೇಟರ್ ಬೇಡ ಎನ್ನುವವರು ಮಾತು ಸ್ಪಷ್ಟವಿರುವಾಗಲೇ ಮುಂಗಡ ವೈದ್ಯಕೀಯ ನಿರ್ದೇಶನ ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಇದನ್ನು ಮಾನ್ಯ ಮಾಡಿ, 2023ರ ಜನವರಿಯಲ್ಲಿ ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿದೆ. ಅದರ ಒಂದು ಪ್ರತಿಯನ್ನು ನೋಟ್‌ಬುಕ್ಕಿಗೇ ಅಂಟಿಸಿಡಿ.

ಮನೆಯಲ್ಲಿ ತೀರಿಕೊಂಡರೆ ಕೊನೆಯ ಕಾಯಿಲೆಗೆ ನೋಡುತ್ತಿದ್ದ ವೈದ್ಯರಿಂದ ಮರಣದ ಕಾರಣದ ಪ್ರಮಾಣಪತ್ರ, ಅಂದರೆ ನಮೂನೆ 4ಎ ಪಡೆದು 21 ದಿನದೊಳಗೆ ನೋಂದಣಿ ಮಾಡಿಸಿ. ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ, ಫೆಂಟನಿಲ್ ಪಟ್ಟಿಗಳನ್ನೂ ಸೇರಿಸಿ, ತಂದ ಸಂಸ್ಥೆಗೇ ಹಿಂತಿರುಗಿಸಿ. ಬಳಸಿದ ಪಟ್ಟಿಯಲ್ಲೂ ಔಷಧಿ ಉಳಿದಿರುತ್ತದೆ, ಅಂಟಿನ ಭಾಗ ಒಳಗಾಗುವಂತೆ ಮಡಚಿ ಮಕ್ಕಳ ಕೈಗೆ ಸಿಗದಂತಿಡಿ. ಏರ್‌ಬೆಡ್, ಕಮೋಡ್ ಕುರ್ಚಿ ಬೇಕಾದ ಇನ್ನೊಂದು ಮನೆ ಯಾವುದೆಂದು ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ.